ಸಾಕು ಎಂಬ ಹಾಡು

ಆ ದಿನ ಬೆಳಿಗ್ಗೆ ಮೋಡ ತಗ್ಗಿ ಬಂದು ಊರಿನ ನೆತ್ತಿಯ ಮೇಲೆ ಕೂತಿತ್ತು. ಮಳೆ ಬರುವ ಹಾಗಿರಲಿಲ್ಲ, ಬಿಸಿಲು ಬರುವ ಹಾಗೂ ಇರಲಿಲ್ಲ. ಗಾಳಿಯಂತೂ ಯಾರಿಗೂ ಹೇಳದೆ ನೆಂಟರ ಮನೆಗೆ ಹೊರಟುಹೋದಂತಿತ್ತು. ಎದುರು ಮಹಡಿಯಲ್ಲಿ ಒಣಹಾಕಿದ್ದ ಬಟ್ಟೆಗಳು ಹಗ್ಗದ ಮೇಲೆ ಶಾಲೆಯ ಮಕ್ಕಳ ಹಾಗೆ ಕೈಕಟ್ಟಿ ನಿಂತಿದ್ದವು. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಇಂಥ ಬೆಳಿಗ್ಗೆ ಎಂದರೆ ದೇವರೇ ಹಾಸಿಗೆ ಹಾಸಿ, ದಿಂಬು ತಟ್ಟಿ, ಬಾ ಮಗಳೇ ಮಲಗು ಎಂದು ಕರೆದ ಹಾಗೆ.

ನರ್ಸಮ್ಮ ದಪ್ಪ ಪರದೆ ಎಳೆದರು. ಕೈಕಾಲು ತೊಳೆದುಕೊಂಡು, ಗೋಡೆಗೆ ಒರಗಿ ಕಣ್ಣು ಮುಚ್ಚಿ, ವಾರ್ಡಿನಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದು ದೇವರ ಕೈಗೆ ಒಪ್ಪಿಸಿದರು. ಅವರ ಮಟ್ಟಿಗೆ ಪ್ರಾರ್ಥನೆ ಎಂದರೆ ಇದೇ, ಪಾಳಿ ಬದಲಾಯಿಸುವುದು. ರಾತ್ರಿ ನಾನು ನೋಡಿಕೊಂಡೆ, ಹಗಲು ನೀನು ನೋಡಿಕೋ. ಒಪ್ಪಿಸಿ ದಿಂಬಿಗೆ ತಲೆ ಕೊಟ್ಟರು. ಕಣ್ಣಿಗೆ ಜೊಂಪು ಹತ್ತಿತು.

ಮೇಲಿನಿಂದ ಧಡ್ ಎಂದಿತು.

ಮೇಲಿನ ಕೋಣೆಯಲ್ಲಿದ್ದವನು ಬೇರೆ ಯಾರೂ ಅಲ್ಲ, ಅವರ ಅಕ್ಕನ ಮಗ. ಲಿಫ್ಟ್ ರಿಪೇರಿ ಕೆಲಸ, ಡ್ರಮ್ಸ್ ಹುಚ್ಚು. ಗೆಳೆಯರು ಅವನನ್ನು ಗುಡುಗು ಎನ್ನುತ್ತಿದ್ದರು. ಅವನಿಗೆ ಈ ಊರಿನಲ್ಲಿ ಕೆಲಸ ಸಿಕ್ಕಾಗ ಅಕ್ಕ ಫೋನಿನಲ್ಲಿ, "ಹುಡುಗ ನಿನ್ನ ಕಣ್ಣಳತೆಯಲ್ಲಿರಲಿ ಕಣೇ" ಎಂದಿದ್ದಳು. ನರ್ಸಮ್ಮನೇ ಕಟ್ಟಡದ ಮಾಲೀಕರನ್ನು ಕಾಡಿ ಬೇಡಿ ಮೇಲಿನ ಕೋಣೆ ಕೊಡಿಸಿದರು. ಕಣ್ಣಳತೆಯಲ್ಲಿ ಇಟ್ಟುಕೊಳ್ಳಲು ಹೋಗಿ ಕಿವಿಯಳತೆಯಲ್ಲಿ ಇಟ್ಟುಕೊಂಡರು.

ಡ್ರಮ್ಸು ಮೆಟ್ಟಿಲು ಹತ್ತಿದ ದಿನ ಅವನು ಬಾಗಿಲಿಗೆ ಬಂದು ನಿಂತಿದ್ದ.

"ಚಿಕ್ಕಮ್ಮಾ, ನಿಮ್ಮ ನಿದ್ದೆ ಹೊತ್ತಿಗೆ ಬಾರಿಸಲ್ಲ. ದೇವರಾಣೆ."

"ದೇವರನ್ನ ಯಾಕೋ ಮಧ್ಯೆ ಎಳೀತೀಯ? ಹಗಲೆಲ್ಲ ಅವನಿಗೆ ನನ್ನ ವಾರ್ಡ್ ಡ್ಯೂಟಿ ಇರುತ್ತೆ."

"ಹಂಗಾದ್ರೆ ಒಂದು ಸಹಾಯ. ಒಂದೇ ಒಂದು ಬೆಳಿಗ್ಗೆ ಸಾಲ ಕೊಡಿ. ಹಾಡು ಒಂದು ಕೂತ್ಕೊಳ್ತಾ ಇಲ್ಲ. ವಾಪಸ್ ಕೊಡ್ತೀನಿ."

"ನಿದ್ದೆ ಏನು ಸಕ್ಕರೆನಾ, ಬಟ್ಟಲಲ್ಲಿ ಅಳೆದು ವಾಪಸ್ ಕೊಡೋಕೆ?" ಎಂದು ನರ್ಸಮ್ಮ ನಕ್ಕರು. ನಕ್ಕವರು ಕೊಟ್ಟಂತೆಯೇ.

ಆ ಒಂದು ಬೆಳಿಗ್ಗೆ ರಬ್ಬರಿನ ಹಾಗೆ ಹಿಗ್ಗಿತು. ಲಿಫ್ಟುಗಳು ಕೆಡುವುದು ಮಧ್ಯಾಹ್ನದ ನೂಕುನುಗ್ಗಲಿನಲ್ಲಿ, ಅಲ್ಲಿಯವರೆಗೆ ಗುಡುಗುವಿಗೆ ಬಿಡುವು. ಅವನ ತಂಡದಲ್ಲಿ ಹಾಡುವ ಹುಡುಗಿ ಚಪ್ಪಲಿ ಅಂಗಡಿಯವಳು, ಅವಳ ಅಂಗಡಿ ತೆರೆಯುವುದು ತಡ. ಗಿಟಾರಿನವನು ಕನ್ನಡಕದ ಅಂಗಡಿಯವನು, ಕಣ್ಣು ಮಂದವಾದವರು ಯಾರೂ ಬೆಳಿಗ್ಗೆ ಬೆಳಿಗ್ಗೆ ಓಡಿ ಬರುವುದಿಲ್ಲ. ಹಾಗಾಗಿ ಮೂವರಿಗೂ ಹೊಂದುತ್ತಿದ್ದುದು ಬೆಳಗಿನ ಹೊತ್ತು ಮಾತ್ರ. ಮಾಲೀಕರೂ ಒಪ್ಪಿಗೆ ಕೊಟ್ಟಿದ್ದರು: "ಬೆಳಿಗ್ಗೆ ಕಟ್ಟಡದಲ್ಲಿ ಯಾರಿರ್ತಾರಪ್ಪ? ಎಲ್ಲಾ ಕೆಲಸಕ್ಕೆ ಹೋಗಿರ್ತಾರೆ. ಬಾರಿಸ್ಕೊಳ್ಳಿ." ಮಲಗಿದವರನ್ನು ಲೋಕ ಇರುವವರ ಲೆಕ್ಕಕ್ಕೆ ಸೇರಿಸುವುದಿಲ್ಲ.

ನರ್ಸಮ್ಮ ಸಹಿಸಿದರು. ಕಿವಿಗೆ ಹತ್ತಿ ಇಟ್ಟರು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಹತ್ತಿಗೇನು ಬರ? ಆದರೆ ಡ್ರಮ್ಸಿನ ಸದ್ದು ಕಿವಿಯಿಂದ ಬರುವುದಿಲ್ಲ, ಮಂಚದ ಕಾಲು ಹತ್ತಿ ಬೆನ್ನುಮೂಳೆಯಿಂದ ಬರುತ್ತದೆ. ಅಕ್ಕನ ಮಗ, ಬೈದರೆ ಅಕ್ಕನಿಗೆ ಮುಟ್ಟುತ್ತದೆ ಎಂದು ನುಂಗಿಕೊಂಡರು. ನುಂಗಿದ್ದು ಎಷ್ಟು ದಿನ ಹೊಟ್ಟೆಯಲ್ಲಿ ನಿಂತೀತು? ದೇವರೇ ಹಾಸಿಗೆ ಹಾಸಿಕೊಟ್ಟ ಆ ಮೋಡದ ಬೆಳಿಗ್ಗೆಯೂ ಧಡ್ ಎಂದಾಗ ಅದು ಮೇಲೆ ಬಂತು. ಎದ್ದರು. ಮೂಲೆಯಲ್ಲಿದ್ದ ನೆಲ ಒರೆಸುವ ಕೋಲನ್ನು ತಲೆಕೆಳಗಾಗಿ ಹಿಡಿದರು. ಸೂರಿಗೆ ಮೂರು ಸಲ ಗುದ್ದಿ, ಇದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದು ಕೂಗಿದರು:

"ಸಾಕೂ!"

ಮೇಲೆ ಅದೇ ಗಳಿಗೆಯಲ್ಲಿ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಕಿಟಕಿಗೆ ಕಂಬಳಿ ಕಟ್ಟಿತ್ತು, ಮುರಿದ ಕುರ್ಚಿಯ ಬೆನ್ನಿಗೆ ಮೈಕು ಬಿಗಿದಿತ್ತು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನ ಹಾಡು ಅದು. "ಮೇಲೂ ಅಲ್ಲ, ಕೆಳಗೂ ಅಲ್ಲ, ನಡುವೆ ನಿಂತ ಪೆಟ್ಟಿಗೆ" ಎಂದು ಚಪ್ಪಲಿ ಅಂಗಡಿಯ ಹುಡುಗಿ ಹಾಡಿ ನಿಲ್ಲಿಸುವ ಜಾಗವೊಂದಿತ್ತು. ಎಲ್ಲರೂ ಉಸಿರೆಳೆದುಕೊಳ್ಳುವ ಜಾಗ. ಅಲ್ಲಿ ಏನೋ ಬೇಕು, ಏನೆಂದು ಯಾರಿಗೂ ಗೊತ್ತಿಲ್ಲ ಎಂದು ಅವರು ಇಷ್ಟು ದಿನ ಒದ್ದಾಡುತ್ತಿದ್ದರು. ಆ ಸಂದಿಗೆ ಸರಿಯಾಗಿ ನೆಲದೊಳಗಿನಿಂದ ಧಂ, ಧಂ, ಧಂ. ಆಮೇಲೆ ಪಾತಾಳದಿಂದ ಬಂದಂತೆ, "ಸಾಕೂ!"

ಮೂವರೂ ಕಲ್ಲಾದರು.

"ಮತ್ತೆ ಮೊದಲಿಂದ ಮಾಡೋಣ" ಎಂದ ಕನ್ನಡಕದವನು.

"ಹುಚ್ಚಾ ನಿಂಗೆ?" ಎಂದಳು ಹುಡುಗಿ. "ಇನ್ನೊಂದು ಸಲ ಕೇಳಿಸು."

ಕೇಳಿದರು. ಹುಡುಗಿಯ ತೋಳಿನ ಮೇಲೆ ರೋಮ ಎದ್ದಿತು. ಗುಡುಗು ಮಾತ್ರ ತಲೆ ತಗ್ಗಿಸಿ ಕೂತಿದ್ದ. ಆ ದನಿ ಯಾರದು, ಆ ಮಾತಿನ ಅರ್ಥವೇನು ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ.

ನಾಲ್ಕು ದಿನ ಬಿಟ್ಟು ಅವನು ಕೆಳಗಿಳಿದು ಬಂದ. ಕ್ಷಮೆ ಕೇಳಲು ಬಂದನೆಂದು ನರ್ಸಮ್ಮ ಕುರ್ಚಿ ಎಳೆದು ಹಾಕಿದರು.

"ಚಿಕ್ಕಮ್ಮಾ, ಆ ಕೋಲು ಸ್ವಲ್ಪ ಕೊಡಿ."

"ಯಾಕೋ? ನೆಲ ಒರೆಸ್ತೀಯಾ?" ಅವರಿಗೆ ಕಣ್ಣು ತುಂಬಿ ಬಂದಂತಾಯಿತು. ಅಕ್ಕನ ಮಗನಿಗೆ ಬುದ್ಧಿ ಬಂತು.

"ಇಲ್ಲ, ಒಂದು ಕಾರ್ಯಕ್ರಮ ಇದೆ. ಬೇರೆ ಕೋಲಲ್ಲಿ ಹೊಡೆದ್ರೆ ಆ ಸದ್ದು ಬರ್ತಾ ಇಲ್ಲ. ವಾಪಸ್ ಕೊಡ್ತೀನಿ."

ಹೀಗೆ ನಿದ್ದೆಯ ಹಿಂದೆಯೇ ಕೋಲೂ ಮೇಲೆ ಹೋಯಿತು. ಅಂದಿನಿಂದ ನರ್ಸಮ್ಮ ಬಗ್ಗಿ, ಹಳೇ ಬಟ್ಟೆಯಲ್ಲಿ ನೆಲ ಒರೆಸತೊಡಗಿದರು. ಬೇಡ ಎನ್ನಲು ಇದ್ದ ಒಂದೇ ಸಾಧನವೂ ಕೈಬಿಟ್ಟಿತು.

ಹಿಂದೆ ಹಳ್ಳಿಯ ಕಡೆ ಒಂದು ಕಥೆ ಹೇಳುತ್ತಿದ್ದರು. ದಾರಿ ತಪ್ಪಿದವನೊಬ್ಬ ಮರದಡಿ ಕೂತಿದ್ದ ಮುದುಕನನ್ನು ದಾರಿ ಕೇಳಿದನಂತೆ. ಮುದುಕನಿಗೆ ಕಿವಿ ಕೇಳದು, ಮೂಗಿನ ಮೇಲೆ ಕೂತ ನೊಣವನ್ನು ಕೈಬೀಸಿ ಓಡಿಸಿದ. ಬಂದವನು ಕೈ ಬೀಸಿದ ದಿಕ್ಕಿಗೇ ನಡೆದು ಊರು ಸೇರಿ, ಅಲ್ಲಿ ದೊಡ್ಡವನಾಗಿ, ಮುದುಕನ ಹೆಸರಿನಲ್ಲಿ ಬಾವಿ ತೋಡಿಸಿದನಂತೆ. ಮುದುಕನಿಗೆ ನೊಣದ ಕಾಟ ಮಾತ್ರ ತಪ್ಪಲಿಲ್ಲ. ಈ ಊರಿಗೂ ಹಾಗೆಯೇ ಆಯಿತು.

ಅಲ್ಲಿಯವರೆಗೆ ಆ ಊರಿಗೆ ತನ್ನದೆನ್ನುವ ಹಾಡಿರಲಿಲ್ಲ. ಊರ ಬಾಯಲ್ಲಿ ಬೇರೆ ಊರುಗಳ ಹಾಡು. ಹಾಡುಗಾರರು ಬೇಕೆಂದರೆ ರೈಲಿನಲ್ಲಿ ಬರುತ್ತಿದ್ದರು, ಹಾಡಿ ರೈಲಿನಲ್ಲಿ ಹೋಗುತ್ತಿದ್ದರು. ಊರಿನವರು ಹಾಡಿದರೆ "ನಮ್ಮ ಪಕ್ಕದ್ಮನೆಯವನು ತಾನೇ" ಎಂದು ಆಕಳಿಸುತ್ತಿದ್ದರು. ಈಗ ‘ಸಾಕು’ ಎಂಬ ಹಾಡು ಫೋನಿನಿಂದ ಫೋನಿಗೆ ಹಾರಿತು. ಚಪ್ಪಲಿ ಅಂಗಡಿ ಬಾಗಿಲು ಹಾಕಿದ ಮೇಲೆ ಒಳಗೆ ರಟ್ಟಿನ ಪೆಟ್ಟಿಗೆಗಳ ನಡುವೆ ಮೊದಲ ಕಾರ್ಯಕ್ರಮ ನಡೆಯಿತು. ಬಂದವರು ಚಪ್ಪಲಿ ಹಾಕಿಕೊಂಡು ನೋಡುವ ಪುಟ್ಟ ಸ್ಟೂಲುಗಳ ಮೇಲೆ ಕೂತು ಕೇಳಿದರು. ಆಮೇಲೆ ಕ್ಷೌರದಂಗಡಿಯಲ್ಲಿ, ಬಟ್ಟೆ ಒಗೆಯುವ ಅಂಗಡಿಯ ಯಂತ್ರಗಳ ಮಧ್ಯೆ, ಮುಚ್ಚಿದ ಬ್ಯಾಂಕೊಂದರ ವರಾಂಡದಲ್ಲಿ. ಬಸ್ ಕಂಡಕ್ಟರುಗಳ ತಂಡ ಒಂದು ಹುಟ್ಟಿತು, ಅವರ ಹಾಡೆಲ್ಲ ಸೀಟಿಯಿಂದ ಶುರು. ಇಬ್ಬರು ಗಣಿತದ ಮೇಷ್ಟರು ಸೇರಿ ಕಟ್ಟಿದ ತಂಡದ ಹಾಡಿಗೆ ಯಾರೂ ತಲೆದೂಗಲಾರರು, ಲೆಕ್ಕ ತಪ್ಪುತ್ತದೆ. ಯಾವ ತಂಡವಾದರೂ ಸರಿ, ಹಾಡಿನ ನಡುವೆ ಒಂದು ಕಡೆ ನಿಂತು ಮೂರು ಗುದ್ದು ಗುದ್ದಲೇಬೇಕು. ಇಲ್ಲದಿದ್ದರೆ ಅದು ಈ ಊರಿನ ಹಾಡಲ್ಲ. ಅಂಗಡಿಗಳಲ್ಲಿ ನೆಲ ಒರೆಸುವ ಕೋಲುಗಳು ಸಿಗದಂತಾದವು. ಕೊಂಡವರಲ್ಲಿ ನೆಲ ಒರೆಸಿದವರು ಯಾರೂ ಇಲ್ಲ.

ಇಷ್ಟಾದ ಮೇಲೆ ಅರ್ಥ ಹೇಳುವವರು ಬಾರದಿರುತ್ತಾರೆಯೇ? ಪತ್ರಿಕೆಯಲ್ಲಿ ಸಂಗೀತ, ನಾಟಕ, ಹವಾಮಾನ ಮೂರರ ಬಗ್ಗೆಯೂ ಬರೆಯುತ್ತಿದ್ದ ವಿಮರ್ಶಕರೊಬ್ಬರಿದ್ದರು. ಅವರು ಅರ್ಧ ಪುಟ ಬರೆದರು. "ಈ ಕೂಗನ್ನು ‘ಇನ್ನು ಬೇಡ’ ಎಂದು ಅರ್ಥ ಮಾಡಿಕೊಳ್ಳುವವರು ಭಾಷೆಯ ಮೇಲ್ಪದರದಲ್ಲೇ ತೇಲುವವರು. ಸಾಕು ಎಂದರೆ ಸಲಹು. ಸಾಕು ಎಂದರೆ ಪೊರೆ. ಮಗುವನ್ನು ಸಾಕುವಂತೆ ನಿಮ್ಮ ಹಾಡನ್ನು ನೀವೇ ಸಾಕಿಕೊಳ್ಳಿ ಎಂದು ನೆಲದಾಳದಿಂದ ತಾಯಿಯೊಬ್ಬಳು ಈ ನಗರಕ್ಕೆ ಆಜ್ಞೆ ಕೊಟ್ಟಿದ್ದಾಳೆ." ಅದನ್ನು ಓದಿದವರೆಲ್ಲ, ಛೇ, ನಮಗೆ ಹೊಳೆಯಲೇ ಇಲ್ಲವಲ್ಲ ಎಂದು ತಲೆ ಚಚ್ಚಿಕೊಂಡರು. ತಾಯಿಗೊಂದು ಹೆಸರೂ ಬಂತು: ಸಾಕಮ್ಮ.

ನೆಲಮಹಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದವರು ಈ ಸುದ್ದಿಯನ್ನು ಸಮವಸ್ತ್ರದ ಜೊತೆ ಮಡಿಸಿ ನರ್ಸಮ್ಮನ ಕೈಗಿಟ್ಟರು.

"ನಮಸ್ಕಾರ ಸಾಕಮ್ಮೋರೇ. ಪೇಪರಲ್ಲಿ ಬಂದಿದ್ದೀರಿ. ಇನ್ನು ನಮ್ಮನ್ನೆಲ್ಲ ಮಾತಾಡಿಸ್ತೀರೋ ಇಲ್ವೋ."

"ಯಾವ ಸಾಕಮ್ಮ ರೀ? ಸಾಕು ಅಂದ್ರೆ ಸಾಕು ಅಂತ. ನಿದ್ದೆ ಇಲ್ದೆ ಸಾಯ್ತಾ ಇದ್ದೀನಿ."

"ಅದೇ ನೋಡಿ, ತಾಯಂದ್ರು ಯಾವತ್ತು ನೆಟ್ಟಗೆ ನಿದ್ದೆ ಮಾಡಿದ್ದಾರೆ!" ಎಂದು ಇಸ್ತ್ರಿಯವರು ಪೆಟ್ಟಿಗೆಯನ್ನು ಮೇಜಿಗೆ ಧಂ, ಧಂ, ಧಂ ಎಂದು ಕುಟ್ಟಿ ಕಣ್ಣು ಮಿಟುಕಿಸಿದರು.

ಆಮೇಲೆ ಶುರುವಾಯಿತು ಭಕ್ತರ ಕಾಟ. ಹಾಡು ಹುಟ್ಟಿದ ಕಟ್ಟಡ ನೋಡಲು ಬೆಳಿಗ್ಗೆ ಬೆಳಿಗ್ಗೆ ಹುಡುಗ ಹುಡುಗಿಯರು ಬರುವರು. ಬಂದವರು ನರ್ಸಮ್ಮನ ಕಿಟಕಿಯ ಪಕ್ಕದ ಗೋಡೆಗೆ ಗೌರವದಿಂದ ಮೂರು ಗುದ್ದು ಗುದ್ದುವರು. ಒಳಗಿನಿಂದ "ಸಾಕ್ರಪ್ಪಾ, ಸಾಕು!" ಎಂದು ದನಿ ಬಂದರೆ ಮುಗಿಯಿತು. ಕೇಳಿತಾ, ಕೇಳಿತಾ ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡು, ಜನ್ಮ ಸಾರ್ಥಕವಾದಂತೆ ಹೋಗಿ ಇನ್ನಿಬ್ಬರನ್ನು ಕಳಿಸುವರು.

ಇಷ್ಟು ತೊಂದರೆಯಿದ್ದರೆ ನರ್ಸಮ್ಮ ಹಗಲು ಪಾಳಿ ಕೇಳಬಹುದಿತ್ತಲ್ಲ ಎನ್ನಬಹುದು. ಕೇಳಿದರೆ ಮೇಟ್ರನ್ ಸಂತೋಷದಿಂದಲೇ ಕೊಡುತ್ತಿದ್ದರು. ಆದರೆ ನರ್ಸಮ್ಮ ರಾತ್ರಿ ವಾರ್ಡನ್ನು ಬಿಡಲಾರರು. ರೋಗಿಗಳು ಹಗಲು ಡಾಕ್ಟರ ಹತ್ತಿರ ಕಾಯಿಲೆ ಹೇಳುತ್ತಾರೆ, ರಾತ್ರಿ ನರ್ಸಿನ ಹತ್ತಿರ ಭಯ ಹೇಳುತ್ತಾರೆ. ಕಾಯಿಲೆಗೆ ಔಷಧವಿದೆ. ಭಯಕ್ಕೆ ಪಕ್ಕದಲ್ಲಿ ಒಬ್ಬರು ಕೂರಬೇಕು, ಅಷ್ಟೇ. ಹಾಗೆ ಕೂರುವುದಕ್ಕೇ ದೇವರು ತನ್ನನ್ನು ಹುಟ್ಟಿಸಿದ್ದಾನೆ ಎಂದು ಅವರು ತುಂಬ ಹಿಂದೆಯೇ ತಿಳಿದುಕೊಂಡುಬಿಟ್ಟಿದ್ದರು. ಅಷ್ಟು ಖಚಿತವಾಗಿ ತನ್ನ ಜಾಗ ತಿಳಿದವರು ಲೋಕದಲ್ಲಿ ಕಡಿಮೆ.

ಆ ಜಾಗಕ್ಕೇ ಈಗ ಕುತ್ತು ಬಂತು. ಹಿಂದೆ ಅಂಚೆ ಹಂಚುತ್ತಿದ್ದ ಅಜ್ಜನೊಬ್ಬ ವಾರ್ಡಿನಲ್ಲಿದ್ದ. ಅವನ ನಾಡಿ ಹಿಡಿದು ಎಣಿಸುತ್ತ ಎಣಿಸುತ್ತ ನರ್ಸಮ್ಮ ನಿದ್ದೆಹೋದರು. ಎದ್ದುಬಿಟ್ಟಾರೆಂದು ಅಜ್ಜ ಬೆಳಗಾಗುವವರೆಗೆ ಕೈ ಅಲ್ಲಾಡಿಸಲಿಲ್ಲ. ಬೆಳಗಿನ ಸುತ್ತಿಗೆ ಬಂದ ಮೇಟ್ರನ್ ನೋಡಿದ್ದು, ರೋಗಿ ನರ್ಸಿನ ಕೈ ಹಿಡಿದು ಕಾವಲು ಕೂತಿರುವುದನ್ನು.

"ಬೈಬೇಡಿ ತಾಯಿ" ಎಂದ ಅಜ್ಜ. "ನಂಗಂತೂ ನಿದ್ದೆ ಬರ್ತಿರಲಿಲ್ಲ, ಅವರಿಗಾದ್ರೂ ಬಂತಲ್ಲ."

ಮೇಟ್ರನ್ ಬೈಯಲಿಲ್ಲ, ನರ್ಸಮ್ಮನಿಗೆ ಅದೇ ಭಯ ಹುಟ್ಟಿಸಿತು. ಕೋಣೆಗೆ ಕರೆದು ಮೆಲ್ಲಗೆ ಹೇಳಿದರು: "ನೋಡಮ್ಮ, ನಿನ್ನ ಮೇಲೆ ನನಗೆ ಗೌರವ ಇದೆ. ಆದ್ರೆ ಇವತ್ತು ನಾಡಿ, ನಾಳೆ ಇಂಜೆಕ್ಷನ್. ಇನ್ನೊಂದು ಸಲ ಕಣ್ಣು ಮುಚ್ಚಿದ್ದು ಕಂಡ್ರೆ ಹಗಲು ಹೊತ್ತು ದಾಸ್ತಾನು ಕೋಣೆ. ಹಾಸಿಗೆ ಬಟ್ಟೆ ಎಣಿಸ್ಕೊಂಡು ಇರು." ಹೇಳುತ್ತ ಹೇಳುತ್ತ ಅವರ ಬೆರಳು ಮೇಜಿನ ಮೇಲೆ ತನ್ನಷ್ಟಕ್ಕೆ ಮೂರು ಸಲ ಬಡಿಯಿತು. ನರ್ಸಮ್ಮ ಬೆಚ್ಚಿದರು. "ಅಯ್ಯೋ, ಏನಿಲ್ಲ" ಎಂದು ಮೇಟ್ರನ್ ನಾಚಿಕೊಂಡರು. "ಮಗಳು ಹಾಕ್ತಿರ್ತಾಳೆ, ಯಾವುದೋ ಹಾಡು. ತಲೆಯಿಂದ ಹೋಗೋದೇ ಇಲ್ಲ."

ಅಂದು ನರ್ಸಮ್ಮ ಮನೆಗೆ ಹೋಗದೆ ನೇರವಾಗಿ ಮೇಲಿನ ಕೋಣೆಗೆ ಹತ್ತಿದರು. ಮೂವರೂ ಇದ್ದರು. ಕೋಲು ಗೋಡೆಗೆ ಒರಗಿತ್ತು. ಹಿಡಿಯುವ ಜಾಗಕ್ಕೆ ಯಾರೋ ಕೆಂಪು ಪಟ್ಟಿ ಸುತ್ತಿದ್ದರು.

"ಏನೋ ಇದು, ನಾನು ಬೈದಿದ್ದನ್ನ ಬೀದಿಬೀದಿಯಲ್ಲಿ ಹಾಡ್ತಿದ್ದೀರಂತೆ?"

ಕನ್ನಡಕದವನು ಎದ್ದು ನಿಂತ. "ಬೈಗುಳ ಅಲ್ಲ ಆಂಟಿ, ಆಶೀರ್ವಾದ. ಪೇಪರಲ್ಲಿ..."

"ನೀ ಸುಮ್ನಿರಪ್ಪ. ಲೇ, ನೀ ಹೇಳೋ. ಸಾಕು ಅಂದ್ರೆ ನಿಲ್ಲಿಸಿ ಅಂತ ಕಣೋ ನಾನು ಅಂದಿದ್ದು."

ಗುಡುಗು ಡ್ರಮ್ಮಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. "ಗೊತ್ತು ಚಿಕ್ಕಮ್ಮ."

"ಗೊತ್ತಾ?"

"ಮೊದಲ್ನೇ ದಿನಾನೇ ಗೊತ್ತಿತ್ತು. ಅವರೆಲ್ಲ ಸಾಕಿ ಸಲಹಿ ಅಂತ ತಿಳ್ಕೊಂಡ್ರು. ಕೇಳೋಕೆ ಚೆನ್ನಾಗಿತ್ತು. ಸುಮ್ನಾದೆ."

"ಸಾಕೋಕೆ ಅದೇನು ಬೆಕ್ಕಿನ ಮರಿನಾ?"

ಚಪ್ಪಲಿ ಅಂಗಡಿಯ ಹುಡುಗಿ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ನರ್ಸಮ್ಮನಿಗೆ ನಗು ಬರಲಿಲ್ಲ. ನಿಂತಲ್ಲೇ ವಾರ್ಡಿನ ವಿಷಯ ಹೇಳಿದರು, ಅಂಚೆಯಜ್ಜನ ಕೈ, ಮೇಟ್ರನ್ನಿನ ಮಾತು. "ಇನ್ನೊಂದು ಸಲ ಕಣ್ಣು ಮುಚ್ಚಿದ್ರೆ ನನ್ನ ವಾರ್ಡ್ ಹೋಗುತ್ತೆ ಕಣೋ. ಆಮೇಲೆ ನೀವೆಲ್ಲ ಎಷ್ಟು ಸಾಕಿದ್ರೂ ನಾನು ಬದುಕಲ್ಲ."

ಕನ್ನಡಕದವನು ಲೆನ್ಸ್ ಒರೆಸುವವನ ನಾಜೂಕಿನಲ್ಲಿ ಹೇಳಿದ: "ಬೇಜಾರ್ ಮಾಡ್ಕೋಬೇಡಿ ಆಂಟಿ. ಭಾನುವಾರ ಮಧ್ಯಾಹ್ನ ಪುರಸಭೆ ಸಭಾಂಗಣದಲ್ಲಿ ದೊಡ್ಡ ಕಾರ್ಯಕ್ರಮ ಇದೆ. ಇದು ಇನ್ನು ನಮ್ಮ ಮೂರು ಜನರ ವಿಷಯ ಅಲ್ಲ, ಊರಿನ ವಿಷಯ. ಊರವರು ಸಾಕು ಅಂದ ದಿನ ನಿಲ್ಲಿಸ್ತೀವಿ."

"ಮಾತು ಮಾತೇ ತಾನೆ?"

"ಮಾತು ಮಾತೇ."

"ಹಾಗಿದ್ರೆ ನಾನೂ ಬರ್ತೀನಿ" ಎಂದರು ನರ್ಸಮ್ಮ. "ಊರಿಗೆ ನಾನೇ ಹೇಳ್ತೀನಿ."

ಭಾನುವಾರ ಪುರಸಭೆಯ ಸಭಾಂಗಣ ತುಂಬಿ ಮೆಟ್ಟಿಲವರೆಗೆ ಜನ. ಎಂದೋ ಒಮ್ಮೆ ತೆರಿಗೆ ಏರಿಸಿದಾಗ ಮಾತ್ರ ಆ ಸಭಾಂಗಣ ಹಾಗೆ ತುಂಬಿತ್ತಂತೆ. ನರ್ಸಮ್ಮ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಬಂದಿದ್ದರು, ಅಲ್ಲಿಂದಲೇ ಡ್ಯೂಟಿಗೆ ಹೋಗಬೇಕಲ್ಲ. ಎರಡು ದಿನದಿಂದ ರೆಪ್ಪೆಗೆ ರೆಪ್ಪೆ ಕೂಡಿಸಿರಲಿಲ್ಲ. ಹೇಳಬೇಕಾದುದನ್ನು ಬಸ್ಸಿನಲ್ಲಿ ಮನಸ್ಸಿನೊಳಗೇ ಕಟ್ಟಿಕೊಂಡಿದ್ದರು. ದೇವರೇ, ನನ್ನ ಮಾತು ಇವರಿಗೆ ನೆಟ್ಟಗೆ ಕೇಳಿಸುವಂತೆ ಮಾಡು ಎಂದು ಬೇಡಿಕೊಂಡಿದ್ದರು. ದೇವರು ಬೇಡಿದ್ದನ್ನು ಕೊಡುತ್ತಾನೆ, ಆದರೆ ದಾರಿ ಮಾತ್ರ ತನಗೆ ಬೇಕಾದ್ದನ್ನು ಹಿಡಿಯುತ್ತಾನೆ.

ವಿಮರ್ಶಕರು ಮೈಕಿನ ಮುಂದೆ ನಿಂತು ಬಹಳ ಹೊತ್ತು ಮಾತಾಡಿ, ಕೊನೆಗೆ ಕೈಚಾಚಿದರು: "ಈ ನಗರದ ಸಂಗೀತವನ್ನು ಸಾಕಿದ ತಾಯಿ!" ಮುಂದಿನ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದ ಮೇಟ್ರನ್ ಚಪ್ಪಾಳೆ ತಟ್ಟುತ್ತ ತಟ್ಟುತ್ತ, ವೇದಿಕೆ ಹತ್ತಿದವರನ್ನು ನೋಡಿ ಕೈ ಗಾಳಿಯಲ್ಲೇ ನಿಲ್ಲಿಸಿದರು.

ನರ್ಸಮ್ಮ ಮೈಕು ಹಿಡಿದರು. ಕಟ್ಟಿಕೊಂಡು ಬಂದ ಮಾತೆಲ್ಲ ಜನರನ್ನು ನೋಡಿ ಚದುರಿಹೋಯಿತು. ಉಳಿದದ್ದು ಒಂದೇ.

"ಸಾಕು" ಎಂದರು.

ಸಭಾಂಗಣ ಭೋರ್ಗರೆಯಿತು. ಎಲ್ಲರೂ ಕಾಲಿನಿಂದ ನೆಲಕ್ಕೆ ಧಂ, ಧಂ, ಧಂ.

"ಇಲ್ಲ, ಹಾಗಲ್ಲ. ನಿಲ್ಲಿಸಿ ಅಂತ ಹೇಳ್ತಾ ಇದ್ದೀನಿ. ಸಾಕು ಅಂದ್ರೆ ಸಾಕು!"

"ಸಾಕೂ!" ಎಂದಿತು ಸಭಾಂಗಣ. ಧಂ, ಧಂ, ಧಂ.

"ಅಯ್ಯೋ ದೇವರೇ, ನಂಗೆ ನಿದ್ದೆ ಬೇಕು ಕಣ್ರಪ್ಪಾ..."

ವಿಮರ್ಶಕರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಪಕ್ಕದವರಿಗೆ, "ನಿದ್ದೆ ಅಂದರೆ ಇಲ್ಲಿ ಮೋಕ್ಷ" ಎಂದರು.

ನರ್ಸಮ್ಮ ಮೈಕನ್ನು ಇಟ್ಟುಬಿಟ್ಟರು. ಸಿಟ್ಟು ಬರಲೂ ಶಕ್ತಿ ಬೇಕು. ಅವರಿಗೆಂದು ವೇದಿಕೆಯ ಮೇಲೆ ಒಂದು ಪಕ್ಕಕ್ಕೆ ಕುರ್ಚಿ ಇಟ್ಟಿದ್ದರು, ತೋಳಿದ್ದ, ಮೆತ್ತನೆಯ ಕುರ್ಚಿ, ಪುರಸಭೆಯ ಅಧ್ಯಕ್ಷರದ್ದು. ಹೋಗಿ ಕೂತರು. ಹಾಡು ಶುರುವಾಯಿತು. ಮೇಲೂ ಅಲ್ಲ, ಕೆಳಗೂ ಅಲ್ಲ. ಗುಡುಗು ಬಾರಿಸುತ್ತ ಒಮ್ಮೆ ಆ ಕಡೆ ನೋಡಿದ. ಚಿಕ್ಕಮ್ಮನ ತಲೆ ಒಂದು ಕಡೆಗೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಅಂಥ ಗದ್ದಲದ ಬಾಯೊಳಗೆ ಕೂತು ಅವರು ನಿದ್ದೆ ಹೋಗಿದ್ದರು. ಇಷ್ಟು ದಿನ ಮೇಲೆ ಕೂತವನು ಕೆಳಗಿನ ಮುಖ ನೋಡಿರಲಿಲ್ಲ. ಈಗ ನೋಡಿದ. ಕಣ್ಣ ಕೆಳಗಿನ ಕಪ್ಪು ನೋಡಿದ.

ಹಾಡು ನಿಲ್ಲುವ ಸಂದಿ ಬಂತು. ಕನ್ನಡಕದವನು ಕೆಂಪು ಪಟ್ಟಿಯ ಕೋಲನ್ನು ಎತ್ತಿದ. ಇಡೀ ಸಭಾಂಗಣ ಎದ್ದು ನಿಂತು ಒಂದೇ ಗಂಟಲಿನಿಂದ ಕೂಗಿತು: "ಸಾಕೂ! ಸಾಕೂ! ಸಾಕೂ!"

ಗುಡುಗು ಆ ಮಾತನ್ನು ಸಾವಿರ ಸಲ ಕೇಳಿದ್ದ. ಆದರೆ ಅಂದು ಅದು ಚಿಕ್ಕಮ್ಮನ ಭಾಷೆಯಲ್ಲೇ ಕೇಳಿಸಿತು. ಕೈಯಲ್ಲಿದ್ದ ಕಡ್ಡಿಗಳನ್ನು ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಡ್ರಮ್ಮಿನ ಮೇಲಿಟ್ಟ. ಎದ್ದು ಬಂದು ಗೆಳೆಯನ ಎತ್ತಿದ ಕೈಯಿಂದ ಕೋಲು ತೆಗೆದುಕೊಂಡ.

"ಏನೋ ಮಾಡ್ತಿದ್ದೀಯ?" ಎಂದು ಕನ್ನಡಕದವನು ಹಲ್ಲು ಕಚ್ಚಿ ಪಿಸುಗುಟ್ಟಿದ. "ಜನ ಕಾಯ್ತಿದ್ದಾರೆ!"

"ಊರವರು ಸಾಕು ಅಂದ ದಿನ ನಿಲ್ಲಿಸ್ತೀವಿ ಅಂದಿದ್ದೆಯಲ್ಲ. ಇಡೀ ಊರೇ ಅಂತಿದೆ, ಕೇಳಿಸ್ತಿಲ್ವಾ?"

ಅವನು ಜನರ ಕಡೆ ತಿರುಗಿ ಬೆರಳನ್ನು ತುಟಿಯ ಮೇಲಿಟ್ಟ. ಇನ್ನೊಂದು ಕೈಯಿಂದ ಕುರ್ಚಿಯ ಕಡೆ ತೋರಿಸಿದ. ಕೂಗು ಹಿಂದಿನ ಸಾಲುಗಳಲ್ಲಿ ಸ್ವಲ್ಪ ಹೊತ್ತು ಉಳಿದು, ತೂತಾದ ಚೀಲದ ಹಿಟ್ಟಿನ ಹಾಗೆ ಸೋರಿಹೋಯಿತು. ಆಮೇಲೆ ಸಭಾಂಗಣದಲ್ಲಿ ಕೇಳಿಸಿದ್ದು ಒಂದೇ ಸದ್ದು, ನರ್ಸಮ್ಮನ ಸಣ್ಣ ಗೊರಕೆ. ಯಾರೂ ಕೆಮ್ಮಲಿಲ್ಲ. ಈ ನಗರದ ಅತ್ಯಂತ ಧೀರ ಕೃತಿ ಎಂದು ವಿಮರ್ಶಕರು ಮರುದಿನ ಬರೆದರು. ಆ ಮೌನಕ್ಕೂ ಒಂದು ಹೆಸರಿಟ್ಟರು.

ಕನ್ನಡಕದವನು ಗಾಬರಿಯಿಂದ ಮುಂದಿನ ಸಾಲು ನೋಡಿದ. ಅಲ್ಲಿ ಮೇಟ್ರನ್ ಎದ್ದು ನಿಂತಿದ್ದರು. ನಿದ್ದೆಹೋದ ನರ್ಸನ್ನು ಊರಿನೆದುರು ಕಂಡ ಮೇಟ್ರನ್. ಅವರು ಚಪ್ಪಲಿ ಕಳಚಿ, ವಾರ್ಡಿನಲ್ಲಿ ನಡೆಯುವ ನಡಿಗೆಯಲ್ಲಿ ವೇದಿಕೆ ಹತ್ತಿದರು. ನರ್ಸಮ್ಮನ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಹೆಗಲ ಮೇಲಿದ್ದ ಶಾಲು ತೆಗೆದು ಹೊದಿಸಿದರು.

"ಇವಳ ಮನೆ ಮೇಲೇನಾ ನೀವು ಬಾರಿಸೋದು?" ಎಂದು ಗುಡುಗುವಿನ ಕಿವಿಯಲ್ಲಿ ಕೇಳಿದರು.

ಅವನು ತಲೆಯಾಡಿಸಿದ.

"ಬೆಳಿಗ್ಗೆ ಹೊತ್ತಾ?"

ಅವನು ಮತ್ತೆ ತಲೆಯಾಡಿಸಿ, ತಗ್ಗಿಸಿದ.

"ಡ್ಯೂಟಿ ಹೊತ್ತಿಗೆ ನಾನೇ ಎಬ್ಬಿಸ್ತೀನಿ. ಅಲ್ಲಿವರೆಗೆ ಒಂದು ಕಡ್ಡಿ ಅಲ್ಲಾಡಿದ್ರೆ ನೋಡು."

ಊರಿನವರು ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಿನಲ್ಲಿ ಹೊರಗೆ ಹೋದರು.

ಆಮೇಲೆ ಮೂವರ ನಡುವೆ ಜಗಳವಾಯಿತು. ಹಾಡು ಹುಟ್ಟಿದ ಕೋಣೆ ಬಿಡಬಾರದು, ಅದು ಚರಿತ್ರೆ ಎಂದ ಕನ್ನಡಕದವನು. ಗೋಡೆಗೆ ಫಲಕ ಹಾಕಿಸಬೇಕೆಂದು ವಿಮರ್ಶಕರು ಆಗಲೇ ಮಾಲೀಕರ ಹತ್ತಿರ ಮಾತಾಡಿದ್ದರು. "ಚರಿತ್ರೆ ಕೆಳಗಡೆ ಮಲಗಿದೆ ಕಣೋ, ಎಬ್ಬಿಸಬೇಡ" ಎಂದಳು ಚಪ್ಪಲಿ ಅಂಗಡಿಯ ಹುಡುಗಿ. ಅವಳ ಅಂಗಡಿಯ ಗೋದಾಮಿನಲ್ಲಿ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳಿದ್ದವು, ಸದ್ದು ಅಲ್ಲಿಂದ ಆಚೆ ಹೋಗದು. ಕೊನೆಗೆ ಬಾರಿಸಲು ಅದೇ ಜಾಗ ನಿಶ್ಚಯವಾಯಿತು. ನರ್ಸಮ್ಮ ವಾರ್ಡಿನಲ್ಲಿದ್ದಾಗಲೇ ಡ್ರಮ್ಸು ಒಂದೊಂದಾಗಿ ಮೆಟ್ಟಿಲಿಳಿಯಿತು.

ಮಾರನೆಯ ಬೆಳಿಗ್ಗೆ ಅವರು ಮನೆಗೆ ಬಂದಾಗ ಬಿಸಿಲು ಚುರುಕಾಗಿತ್ತು. ಗಾಳಿ ಹಿಂತಿರುಗಿ ಬಂದು ಎದುರು ಮಹಡಿಯ ಬಟ್ಟೆಗಳ ಜೊತೆ ಆಟಕ್ಕಿಳಿದಿತ್ತು. ಪರದೆ ಎಳೆದು, ಕೈಕಾಲು ತೊಳೆದು, ಅಂಚೆಯಜ್ಜನಿಂದ ಹಿಡಿದು ಎಲ್ಲರನ್ನೂ ದೇವರಿಗೆ ಒಪ್ಪಿಸಿ ಮಲಗಿದರು. ಧಡ್ ಎನ್ನುವುದಕ್ಕೆ ಕಾದರು. ಎನ್ನಲಿಲ್ಲ. ಮಗ್ಗುಲಾದರು. ಕಾದರು. ಇನ್ನೇನು ಬಂತು, ಇನ್ನೇನು ಬಂತು ಎಂದು ಬಾರದ ಸದ್ದಿಗೆ ಕಿವಿಗೊಟ್ಟು ಅವರಿಗೆ ನಿದ್ದೆಯೇ ಹತ್ತಲಿಲ್ಲ. ಸದ್ದಿಗೂ ಮನುಷ್ಯ ಒಗ್ಗಿಹೋಗುತ್ತಾನಲ್ಲಪ್ಪಾ ಎಂದು ತಮ್ಮ ಮೇಲೇ ನಗು ಬಂತು.

ಆಗ ಬಾಗಿಲು ಮೆಲ್ಲಗೆ ಸರಿಯಿತು. ನರ್ಸಮ್ಮ ರೆಪ್ಪೆಯ ಸಂದಿಯಿಂದ ನೋಡಿದರು. ಅಕ್ಕನ ಮಗ ಬರಿಗಾಲಿನಲ್ಲಿ, ಉಸಿರು ಬಿಗಿಹಿಡಿದು, ಲಿಫ್ಟು ತಾನಾಗಿ ಇಳಿದ ಹಾಗೆ ಒಳಗೆ ಬಂದ. ಕೈಯಲ್ಲಿ ಕೋಲು. ಕೆಂಪು ಪಟ್ಟಿ ಬಿಚ್ಚಿದ್ದ. ಯಾವತ್ತೋ ಕಳಚಿಹೋಗಿದ್ದ ನೆಲ ಒರೆಸುವ ಬಟ್ಟೆಯನ್ನು ತೊಳೆದು, ತುದಿಗೆ ಮತ್ತೆ ಕಟ್ಟಿದ್ದ. ಅದನ್ನು ಮೊದಲಿದ್ದ ಮೂಲೆಗೆ, ನೆಲಕ್ಕೆ ತಾಗಿದ ಸದ್ದೂ ಆಗದಂತೆ ಒರಗಿಸಿದ. ಸ್ವಲ್ಪ ಹೊತ್ತು ನಿಂತ. ಬಂದ ಹಾಗೆಯೇ ಬಾಗಿಲು ಎಳೆದುಕೊಂಡು ಹೋದ.

ಮೇಲೆ ಹೋಗುವ ಅವನ ಹೆಜ್ಜೆಯನ್ನು ಕೇಳಬೇಕೆಂದು ನರ್ಸಮ್ಮ ಕಿವಿ ಕೊಟ್ಟರು. ಅಷ್ಟರಲ್ಲಿ ನಿದ್ದೆ ಬಂತು.